ಆಟದ ಅಂಗಳದಲ್ಲಿ ಅಪಘಾತ: ನೆರವು ಮತ್ತು ದಾಖಲೆ

ನಿಮ್ಮ ಊರಿನ ಯುವಕ ಸಂಘದ ಪಂದ್ಯಾವಳಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಶಾಮಿಯಾನ, ಧ್ವನಿವರ್ಧಕ, ಟ್ರೋಫಿ, ಅತಿಥಿಗಳ ಹಾರ ಎಲ್ಲಕ್ಕೂ ಒಬ್ಬೊಬ್ಬರು ಹೊಣೆ ಹೊತ್ತಿರುತ್ತಾರೆ. ಆದರೆ ಆಟಗಾರನೊಬ್ಬ ಬಿದ್ದು ಮೇಲೇಳದಿದ್ದರೆ ಮೊದಲು ಓಡಿಹೋಗಬೇಕಾದವರು ಯಾರು? ಆಂಬುಲೆನ್ಸ್‌ಗೆ ಫೋನ್ ಮಾಡುವವರು ಯಾರು? ಮನೆಯವರಿಗೆ ತಿಳಿಸುವವರು ಯಾರು? "ಆಗ ನೋಡಿಕೊಂಡರಾಯಿತು" ಎಂಬುದೇ ಅನೇಕ ಕಡೆ ಸಿಗುವ ಉತ್ತರ.

1998ರ ಫೆಬ್ರವರಿ 20ರಂದು ಢಾಕಾದಲ್ಲಿ ನಡೆದ ಕ್ಲಬ್ ಕ್ರಿಕೆಟ್ ಪಂದ್ಯದಲ್ಲಿ ಭಾರತದ ಮಾಜಿ ಟೆಸ್ಟ್ ಆಟಗಾರ ರಮಣ್ ಲಾಂಬಾ ಹೆಲ್ಮೆಟ್ ಇಲ್ಲದೆ ಬ್ಯಾಟುಗಾರನ ಸಮೀಪದಲ್ಲೇ ಫೀಲ್ಡಿಂಗ್‌ಗೆ ನಿಂತಿದ್ದರು. ಚೆಂಡು ರಭಸವಾಗಿ ತಲೆಗೆ ಬಡಿಯಿತು. ಅವರು ಎದ್ದು ಮೈದಾನದಿಂದ ಹೊರನಡೆದರು. ಸ್ವಲ್ಪ ಹೊತ್ತಿನಲ್ಲೇ ಅವರ ಸ್ಥಿತಿ ಬಿಗಡಾಯಿಸಿತು. ಮೂರು ದಿನಗಳ ನಂತರ ಅವರು ತೀರಿಕೊಂಡರು. ಎದ್ದು ನಡೆದವನೆಲ್ಲ ಸುರಕ್ಷಿತ ಎಂದು ತಿಳಿಯಬಾರದೆಂಬುದೇ ಇದರ ಪಾಠ.

ತಲೆಗೆ ಪೆಟ್ಟು ಬಿದ್ದು ಮಂಕಾದವನನ್ನು ಆ ದಿನ ಮತ್ತೆ ಆಟಕ್ಕೆ ಇಳಿಸಬೇಡಿ. ಒಂಟಿಯಾಗಿ ಮನೆಗೆ ಕಳುಹಿಸಬೇಡಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು, ಅತಿಯಾದ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ನಾಲ್ಕು ಜನ ಕೈಕಾಲು ಹಿಡಿದು ಎತ್ತಬೇಡಿ. ಆಂಬುಲೆನ್ಸ್ ಬರುವವರೆಗೆ ತಲೆ ಅಲುಗದಂತೆ ಹಿಡಿದುಕೊಳ್ಳಿ. ರಕ್ತ ಸೋರುವ ಗಾಯಕ್ಕೆ ಕಾಫಿ ಪುಡಿ ಮೆತ್ತಬೇಡಿ. ಶುಭ್ರ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮುರಿದಿರಬಹುದಾದ ಕೈಕಾಲನ್ನು ನೀವಬೇಡಿ, ಎಳೆಯಬೇಡಿ. ಕುಸಿದುಬಿದ್ದವನು ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಕೂಡಲೇ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಲು ಆರಂಭಿಸಿ. ಮತ್ತೊಬ್ಬರು 108ಕ್ಕೆ ಫೋನ್ ಮಾಡಲಿ. ಸಂಘದ ಇಬ್ಬರಾದರೂ ಈ ಕ್ರಮವನ್ನು ತರಬೇತಿ ಪಡೆದು ಕಲಿತಿರಬೇಕು.

ಇಲ್ಲಿಗೆ ಕೆಲಸ ಮುಗಿಯಿತೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅರ್ಧ ಮಾತ್ರ ಮುಗಿದಿರುತ್ತದೆ. ಸಂಘದ ಹೆಸರು ಕೆಡುತ್ತದೆ, ಮುಂದಿನ ವರ್ಷ ಮೈದಾನ ಸಿಗುವುದಿಲ್ಲ ಎಂಬ ಅಂಜಿಕೆಯಿಂದ "ಮನೆಯಲ್ಲಿ ಹೇಳಬೇಡಪ್ಪ" ಎಂದು ಹುಡುಗನಿಗೆ ಹೇಳಿ ಕಳುಹಿಸುವ ಹಿರಿಯರಿದ್ದಾರೆ. ಆ ಹುಡುಗ ರಾತ್ರಿ ವಾಂತಿ ಮಾಡಿಕೊಂಡರೆ ತಾಯಿ ಏನೆಂದುಕೊಳ್ಳಬೇಕು? ತಿಂದದ್ದು ಜೀರ್ಣವಾಗಲಿಲ್ಲವೆಂದು ಓಮದ ನೀರು ಕುಡಿಸಿ ಮಲಗಿಸುತ್ತಾಳೆ. ಪೆಟ್ಟಿನ ವಿಷಯ ಅವಳಿಗೆ ಗೊತ್ತಿದ್ದರೆ ಆಸ್ಪತ್ರೆಗೆ ಓಡುತ್ತಿದ್ದಳು. ಆದ್ದರಿಂದ ತಿಳಿಸುವುದೂ ಒಂದು ಪ್ರಥಮ ಚಿಕಿತ್ಸೆಯೇ.

ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಪುಟಗಳಿಗೆ ಸಂಖ್ಯೆ ಹಾಕಿದ ಒಂದು ನೋಟ್‌ಬುಕ್ ಸಾಕು. ಅಪಘಾತವಾದ ದಿನವೇ ಬರೆಯಿರಿ: ಯಾರಿಗೆ, ಎಷ್ಟು ಗಂಟೆಗೆ, ಮೈದಾನದ ಯಾವ ಭಾಗದಲ್ಲಿ, ಹೇಗೆ ಪೆಟ್ಟಾಯಿತು, ಎಚ್ಚರ ತಪ್ಪಿತ್ತೇ, ಯಾರು ಏನು ನೆರವು ನೀಡಿದರು, ಯಾವ ಆಸ್ಪತ್ರೆಗೆ ಕಳುಹಿಸಲಾಯಿತು, ಮನೆಯವರಿಗೆ ಯಾರು, ಯಾವಾಗ ತಿಳಿಸಿದರು. ಕಂಡವರಿಬ್ಬರ ಸಹಿ ಇರಲಿ. ಕಂಡದ್ದನ್ನಷ್ಟೇ ಬರೆಯಿರಿ, ತಪ್ಪು ಯಾರದೆಂಬ ತೀರ್ಪು ಆ ಪುಟದಲ್ಲಿ ಬೇಡ. ಈ ವಿವರ ವೈದ್ಯರಿಗೆ ನೆರವಾಗುತ್ತದೆ. ವಿಮೆಯಿದ್ದರೆ ಪರಿಹಾರ ಕೇಳುವಾಗ ಆಧಾರವಾಗುತ್ತದೆ. ಪೊಲೀಸರು ವಿಚಾರಿಸಿದರೆ ಸಂಘಕ್ಕೆ ಬಾಯಿಮಾತಿನ ಬದಲು ಬರಹವಿರುತ್ತದೆ. ಗಾಯಾಳುವಿನ ಖಾಸಗಿ ವಿಷಯಗಳಿರುವುದರಿಂದ ಪುಸ್ತಕ ಕಾರ್ಯದರ್ಶಿಯವರ ಬಳಿ ಭದ್ರವಾಗಿರಲಿ.

ಪ್ರತಿ ತಿಂಗಳ ಸಭೆಯಲ್ಲಿ ಹೆಸರುಗಳನ್ನು ಬಿಟ್ಟು ಆ ಪುಟಗಳನ್ನು ಓದಿ. ಕಬಡ್ಡಿ ಅಂಕಣದ ಒಂದೇ ಮೂಲೆಯಲ್ಲಿ ಮೂವರ ಕಾಲು ಉಳುಕಿದ್ದರೆ, ನೆನಪಿನಲ್ಲಿ ಅವು ಮೂರು ಬೇರೆ ಬೇರೆ ದುರದೃಷ್ಟಗಳು. ಪುಸ್ತಕದಲ್ಲಿ ಅದು ಮುಚ್ಚದೇ ಬಿಟ್ಟ ಒಂದು ಗುಂಡಿ. ಎರಡು ಬುಟ್ಟಿ ಮಣ್ಣು ಹಾಕಿದರೆ ನಾಲ್ಕನೆಯವನ ಕಾಲು ಉಳಿಯುತ್ತದೆ.

ತಮ್ಮ ಮಕ್ಕಳನ್ನು ನಮ್ಮನ್ನು ನಂಬಿ ಮೈದಾನಕ್ಕೆ ಕಳುಹಿಸುವ ತಂದೆತಾಯಂದಿರಿಗೆ ನಾವು ಗೆಲುವಿನ ಭರವಸೆ ಕೊಡಲಾರೆವು. ಬಿದ್ದರೆ ಎತ್ತುತ್ತೇವೆ, ಆದದ್ದನ್ನು ಮುಚ್ಚಿಡುವುದಿಲ್ಲ ಎಂಬ ಭರವಸೆಯನ್ನಾದರೂ ಕೊಡೋಣ. ಮುಂದಿನ ಪಂದ್ಯಾವಳಿಗೆ ಟ್ರೋಫಿ ಕೊಳ್ಳುವ ದಿನವೇ ಆ ನೋಟ್‌ಬುಕ್ಕನ್ನೂ ಕೊಂಡು ತನ್ನಿ.