ನೋವು ನುಂಗುವುದೇ ಸಹನೆಯಲ್ಲ

(ಚಾಮರಾಜಪೇಟೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ನಮ್ಮ ನೆರೆಯ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯಿತು. ಶತಮಾನ ಕಳೆದರೂ, ನೋವು ನಿವಾರಣೆಯೂ ಚಿಕಿತ್ಸೆಯ ಭಾಗವೆಂಬುದನ್ನು ನಮ್ಮಲ್ಲಿ ಅನೇಕರು ಅರಿತಿಲ್ಲ.

ಇಂದು ಎದೆಯ ಅನೇಕ ಶಸ್ತ್ರಚಿಕಿತ್ಸೆಗಳನ್ನು ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳ ಮೂಲಕ, ಕ್ಯಾಮೆರಾದ ನೆರವಿನಿಂದ ನಡೆಸಲಾಗುತ್ತದೆ. ಗಾಯ ಚಿಕ್ಕದು, ಆದರೆ ಪಕ್ಕೆಲುಬಿನ ನರಕ್ಕೆ ಬೀಳುವ ಪೆಟ್ಟಿನಿಂದಲೂ ಎದೆಯೊಳಗಿರಿಸಿದ ಕೊಳವೆಯಿಂದಲೂ ಉಂಟಾಗುವ ನೋವು ಚಿಕ್ಕದಲ್ಲ. ನೋವಿಗಂಜಿದ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಮಾರ್ಫಿನ್ ಅತಿಯಾದರೆ ಉಸಿರಾಟವೇ ಕುಗ್ಗೀತು.

ನರಗಳ ಬಳಿಯೇ ಮರಗಟ್ಟಿಸುವ ಮದ್ದು ನೀಡುವುದು ಇದಕ್ಕೊಂದು ಪರಿಹಾರ. ಬೆನ್ನೆಲುಬಿನ ಪಕ್ಕದಲ್ಲಿ ನೀಡುವ ಪ್ಯಾರಾವರ್ಟೆಬ್ರಲ್ ಬ್ಲಾಕ್ 1905ರಷ್ಟು ಹಳೆಯದು. 2016ರಲ್ಲಿ ವರದಿಯಾದ ಎರೆಕ್ಟರ್ ಸ್ಪೈನಿ ಬ್ಲಾಕ್‌ನಲ್ಲಿ ಅಲ್ಟ್ರಾಸೌಂಡ್ ನೋಡುತ್ತ ಬೆನ್ನಿನ ಸ್ನಾಯುವಿನಡಿ ಮದ್ದು ಹರಿಸುತ್ತಾರೆ. ಸೂಜಿ ಶ್ವಾಸಕೋಶದ ಪೊರೆಯಿಂದ ದೂರವಿರುತ್ತದೆ. ಒಂದು ಚುಚ್ಚುಮದ್ದಿನ ಪರಿಣಾಮ ಕೆಲವು ಗಂಟೆಗಳು ಮಾತ್ರ. ಆದ್ದರಿಂದ ಪ್ಯಾರಾಸಿಟಮಾಲ್‌ನಂತಹ ಔಷಧಿಯೂ ಜೊತೆಗಿರಬೇಕು.

ನಮ್ಮ ತಾಯಂದಿರು ನೋವು ನುಂಗುವುದನ್ನೇ ಸಹನೆಯೆಂದು ತಿಳಿದು ವಾರ್ಡಿನಲ್ಲಿ ಮೌನವಾಗಿ ಮಲಗಿರುತ್ತಾರೆ. ಆ ಮೌನ ಅವರ ಶ್ವಾಸಕೋಶಕ್ಕೇ ಕುತ್ತು ತಂದೀತು. ಆದುದರಿಂದ ಶಸ್ತ್ರಚಿಕಿತ್ಸೆಗೆ ಮುನ್ನವೇ ಅರಿವಳಿಕೆ ತಜ್ಞರನ್ನು ವಿನಯದಿಂದ ಕೇಳೋಣ: 'ನೋವಿಗೆ ಬ್ಲಾಕ್ ನೀಡಬಹುದೇ?' ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಅದನ್ನೂ ಮುಚ್ಚಿಡದಿರೋಣ. ಕೇಳುವುದು ದೂರಲ್ಲ, ಅದು ರೋಗಿಯ ಹಕ್ಕು.