ಜರಿ, ಕಂಸಾಳೆ, ಕಲ್ಲಿನ ಬಳೆ: ಆವರ್ತ ಕೋಷ್ಟಕವನ್ನು ಓದುವ ಬಗೆ



ರಸಾಯನ ವಿಜ್ಞಾನದ ಕೊಠಡಿಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲೆ ಕಣ್ಣಿಗೆ ಬೀಳುವುದು ಆವರ್ತ ಕೋಷ್ಟಕ. 118 ಮನೆಗಳು, 118 ಹೆಸರುಗಳು. ಅದನ್ನು ಕಂಡು ಹೆದರುವವರು ಬಹಳ ಮಂದಿ. ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ಮಗ್ಗಿಯಂತೆ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ‘ಈ ವಿಷಯ ನನಗಲ್ಲ’ ಎಂದು ಹತ್ತನೆಯ ತರಗತಿಯ ನಂತರ ವಿಜ್ಞಾನವನ್ನೇ ಬಿಟ್ಟವರೂ ಇದ್ದಾರೆ. ಆದರೆ ಈ ಕೋಷ್ಟಕ ಹುಟ್ಟಿದ್ದು ಬಾಯಿಪಾಠಕ್ಕಲ್ಲ. ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಲೆಕ್ಕಹಾಕಿ ಹೇಳುವುದಕ್ಕೆ ಅದು ನೆರವಾಗುತ್ತದೆ. ಹೇಗೆಂಬುದನ್ನು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಎಲ್ಲರೂ ಕಂಡಿರುವ ಮೂರು ವಸ್ತುಗಳ ಮೂಲಕವೇ ನೋಡೋಣ. ನಿಮ್ಮ ಪಠ್ಯಪುಸ್ತಕದ ಕೋಷ್ಟಕವನ್ನು ಎದುರಿಗೆ ತೆರೆದಿಟ್ಟುಕೊಳ್ಳಿ.

ಮೊದಲು ಅದರ ರಚನೆ. ಅಡ್ಡಸಾಲುಗಳಿಗೆ ಆವರ್ತಗಳೆಂದು ಹೆಸರು, ಅವು 7. ಕಂಬಸಾಲುಗಳಿಗೆ ವರ್ಗಗಳೆಂದು ಹೆಸರು, ಅವು 18. ಎಡದಿಂದ ಬಲಕ್ಕೆ ಹೋದಂತೆ ಪರಮಾಣು ಸಂಖ್ಯೆ ಒಂದೊಂದಾಗಿ ಏರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಏಳು ದಿನಗಳಿಗೊಮ್ಮೆ ಸೋಮವಾರ ಮರಳಿ ಬರುವಂತೆ, ಇಲ್ಲಿಯೂ ಗುಣಗಳು ಮರಳಿ ಬರುತ್ತವೆ. ಆದರೆ ಒಂದು ವ್ಯತ್ಯಾಸವುಂಟು. ವಾರಕ್ಕೆ ಯಾವಾಗಲೂ ಏಳೇ ದಿನ. ಕೋಷ್ಟಕದ ಸಾಲುಗಳಲ್ಲಿ ಕ್ರಮವಾಗಿ 2, 8, 8, 18, 18, 32, 32 ಧಾತುಗಳಿವೆ. ಒಂದೇ ಕಂಬಸಾಲಿನಲ್ಲಿರುವ ಧಾತುಗಳು ಒಂದೇ ಮನೆತನದವು.

ಈಗ ಕೊಳ್ಳೇಗಾಲದ ರೇಷ್ಮೆ ಸೀರೆಯ ಅಂಚನ್ನು ನೋಡಿ. ಅಲ್ಲಿ ಹೊಳೆಯುವುದು ಜರಿ. ಅಸಲಿ ಜರಿಯೆಂದರೆ ರೇಷ್ಮೆ ಎಳೆಯ ಮೇಲೆ ಕೂದಲಿಗಿಂತ ತೆಳುವಾದ ಬೆಳ್ಳಿಯ ತಂತಿಯನ್ನು ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟಿದ್ದು. ಬೆಲೆ ಕಡಿಮೆ ಮಾಡಬೇಕಾದಾಗ ಬೆಳ್ಳಿಯ ಜಾಗದಲ್ಲಿ ತಾಮ್ರ ಬರುತ್ತದೆ. ತಾಮ್ರವೇ ಏಕೆ? ಕೋಷ್ಟಕದ 11ನೆಯ ವರ್ಗವನ್ನು ಮೇಲಿನಿಂದ ಕೆಳಕ್ಕೆ ಓದಿ: ತಾಮ್ರ 29, ಬೆಳ್ಳಿ 47, ಚಿನ್ನ 79. ಮೂರೂ ಒಂದೇ ಮನೆತನ. ಮೂರನ್ನೂ ಎಳೆದರೆ ತಂತಿಯಾಗುತ್ತವೆ, ತಟ್ಟಿದರೆ ತಗಡಾಗುತ್ತವೆ. ವಿದ್ಯುತ್ತನ್ನು ಸಾಗಿಸುವುದರಲ್ಲಿ ಬೆಳ್ಳಿ ಮೊದಲನೆಯದು, ತಾಮ್ರ ಎರಡನೆಯದು, ಚಿನ್ನ ಮೂರನೆಯದು. ಆದರೆ ಅಣ್ಣತಮ್ಮಂದಿರಲ್ಲೂ ಸ್ವಭಾವಭೇದ ಇರುತ್ತದಷ್ಟೆ. ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅನಿಲಗಳೊಡನೆ ವರ್ತಿಸಿ ಕಪ್ಪಾಗುತ್ತದೆ. ಪೆಟ್ಟಿಗೆಯಲ್ಲಿಟ್ಟ ಹಳೆಯ ಜರಿ ಕಂದಲು ಇದೇ ಕಾರಣ. ಚಿನ್ನ ಹಾಗೆಯೇ ಉಳಿಯುತ್ತದೆ. ಈ ವರ್ಗದಲ್ಲಿ ಕೆಳಗಿಳಿದಂತೆ ರಾಸಾಯನಿಕ ಚಟುವಟಿಕೆ ಕುಗ್ಗುತ್ತದೆ.

ಇನ್ನು ಹನೂರು ತಾಲ್ಲೂಕಿಗೆ ಬನ್ನಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ದೇವರ ಗುಡ್ಡರ ಕೈಯಲ್ಲಿ ಕಂಸಾಳೆ ಇರುತ್ತದೆ: ಬಟ್ಟಲಿನಂಥದೊಂದು, ಚಪ್ಪಟೆಯದೊಂದು. ಅದು ಕಂಚಿನ ವಾದ್ಯ. ತಾಮ್ರಕ್ಕೆ ತವರ ಬೆರೆಸಿದ ಮಿಶ್ರಲೋಹವೇ ಕಂಚು. ತಾಮ್ರದ ಮನೆ ನಮಗೆ ಗೊತ್ತಾಯಿತು. ತವರದ ಮನೆ 14ನೆಯ ವರ್ಗದಲ್ಲಿದೆ.

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೀವು ಕಂಡಿರಬಹುದು. ಕಲ್ಲಿನಲ್ಲಿ ಕಡೆದ ಬಳೆಗಳು ಸರಪಳಿಯಾಗಿ ಇಳಿಬಿದ್ದಿವೆ. ನಮ್ಮ ನೆಲದ ಕಲ್ಲುಗಳಲ್ಲಿ ಹೆಚ್ಚಾಗಿರುವುದು ಆಕ್ಸಿಜನ್ ಮತ್ತು ಸಿಲಿಕಾನ್. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಇವೆರಡೇ. ಆ ಸಿಲಿಕಾನ್ ಕೂಡ 14ನೆಯ ವರ್ಗದ್ದೇ. ಯಳಂದೂರಿನ ಕಲ್ಲು, ಹನೂರಿನ ಕಂಸಾಳೆ ಎರಡರಲ್ಲೂ ಒಂದೇ ಮನೆತನದ ಧಾತುಗಳಿವೆ! ಆದರೆ ಕೋಷ್ಟಕದಲ್ಲಿ ಸಿಲಿಕಾನಿನ ಕೆಳಗೆ ನೇರವಾಗಿ ತವರ ಬರುವುದಿಲ್ಲ. ನಡುವೆ ಒಂದು ಮನೆ ಇದೆ. ಆ ಮನೆಯ ಕಥೆಯೇ ಈ ಕೋಷ್ಟಕದ ನಿಜವಾದ ಕಥೆ.

1869ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದ್ಮಿತ್ರಿ ಮೆಂಡಲೀವ್ ತನ್ನ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದ. ಆಗ ತಿಳಿದಿದ್ದ ಧಾತುಗಳು 63. ಅವನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿ, ಹೋಲುವಂಥವು ಒಂದೇ ಸಾಲಿಗೆ ಬರುವಂತೆ ಮಾಡಿದ. ಕೆಲವೆಡೆ ಜೋಡಣೆ ಕೂಡಲಿಲ್ಲ. ಸಿಲಿಕಾನ್ ಆದ ಮೇಲೆ ಅದರ ಮನೆತನದ ಮುಂದಿನ ಧಾತುವೇ ಇರಲಿಲ್ಲ. ಬೇರೊಬ್ಬನಾಗಿದ್ದರೆ ಮುಂದಿನದನ್ನು ಅಲ್ಲಿಗೆ ಸರಿಸಿ ಸಾಲು ತುಂಬಿಬಿಡುತ್ತಿದ್ದನೇನೋ. ಮೆಂಡಲೀವ್ ಮನೆಯನ್ನು ಖಾಲಿ ಬಿಟ್ಟ. ಅಷ್ಟೇ ಅಲ್ಲ, ಅಲ್ಲಿಗೆ ಬರಬೇಕಾದ ಧಾತುವಿನ ಗುಣಗಳನ್ನು 1871ರಲ್ಲಿ ಅಚ್ಚು ಹಾಕಿಸಿದ. ಹೆಸರು ‘ಏಕ-ಸಿಲಿಕಾನ್’. ಈ ‘ಏಕ’ ನಮ್ಮ ಸಂಸ್ಕೃತದ ಏಕವೇ. ಸಿಲಿಕಾನಿನಿಂದ ಒಂದು ಮನೆ ಆಚೆಗೆ ಎಂದರ್ಥ.

ಆತ ಮಾಡಿದ್ದು ಎಂತಹ ಲೆಕ್ಕ? ನೀವೇ ಮಾಡಿ ನೋಡಿ. ಸಿಲಿಕಾನಿನ ಪರಮಾಣು ತೂಕ 28, ತವರದ್ದು 119. ಕೂಡಿ ಎರಡರಿಂದ ಭಾಗಿಸಿದರೆ 73.5. ಮೆಂಡಲೀವ್ ಮೇಲೆ ಕೆಳಗಿನ ನೆರೆಯವರ ಜೊತೆಗೆ ಅಕ್ಕಪಕ್ಕದವರನ್ನೂ ಗಮನಿಸಿ 72 ಎಂದ. ಸಾಂದ್ರತೆ 5.5 ಇರಬೇಕು, ಅದರ ಒಂದು ಪರಮಾಣು ಎರಡು ಆಕ್ಸಿಜನ್ ಪರಮಾಣುಗಳೊಡನೆ ಕೂಡಬೇಕು ಎಂದೂ ಹೇಳಿದ. ಯಾರೂ ಕಾಣದ ವಸ್ತುವಿನ ಬಗ್ಗೆ ಅಂಕಿ ಸಮೇತ ಬರೆಯುವುದೆಂದರೆ, ತಪ್ಪಿದರೆ ಎಲ್ಲರೆದುರು ನಗೆಪಾಟಲಾಗುವುದಕ್ಕೆ ಸಿದ್ಧನಾದಂತೆಯೇ.

15 ವರ್ಷ ಕಳೆಯಿತು. 1886ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಒಂದು ಬೆಳ್ಳಿಯ ಅದಿರನ್ನು ವಿಶ್ಲೇಷಿಸುತ್ತಿದ್ದ. ಎಲ್ಲ ಘಟಕಗಳನ್ನು ಕೂಡಿದರೂ ಶೇಕಡ 93 ಮಾತ್ರ ಆಗುತ್ತಿತ್ತು. ಉಳಿದ ಶೇಕಡ 7 ಎಲ್ಲಿ ಹೋಯಿತು? ತಿಂಗಳುಗಳ ಶ್ರಮದ ನಂತರ ಹೊಸ ಧಾತುವೊಂದು ಕೈಗೆ ಸಿಕ್ಕಿತು: ಜರ್ಮೇನಿಯಂ. ಅದರ ಪರಮಾಣು ತೂಕ 72.6, ಸಾಂದ್ರತೆ 5.3. ಕೂಡುವುದು ಎರಡು ಆಕ್ಸಿಜನ್‌ಗಳೊಡನೆ. ಖಾಲಿ ಮನೆಗೆ ಒಡೆಯ ಬಂದ.

ಗುಣಗಳು ಹೀಗೆ ಮರಳಿ ಬರುವುದೇಕೆ? ಮೆಂಡಲೀವನಿಗೆ ಇದು ತಿಳಿದಿರಲಿಲ್ಲ. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲೆ ಎಕ್ಸ್-ಕಿರಣಗಳ ನೆರವಿನಿಂದ ಧಾತುಗಳ ಸರಿಯಾದ ಕ್ರಮ ತೂಕದ್ದಲ್ಲ, ಪರಮಾಣು ಸಂಖ್ಯೆಯದು ಎಂದು ತೋರಿಸಿದ. ಪರಮಾಣು ಸಂಖ್ಯೆಯೆಂದರೆ ಬೀಜಕೇಂದ್ರದಲ್ಲಿರುವ ಪ್ರೋಟಾನುಗಳ ಸಂಖ್ಯೆ. ಅಷ್ಟೇ ಸಂಖ್ಯೆಯ ಇಲೆಕ್ಟ್ರಾನುಗಳು ಹೊರಗೆ ಕವಚಗಳಲ್ಲಿರುತ್ತವೆ. ಧಾತುವಿನ ನಡತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಹೊರಗಿನ ಇಲೆಕ್ಟ್ರಾನುಗಳು. 14ನೆಯ ವರ್ಗದ ಎಲ್ಲಕ್ಕೂ ಹೊರಕವಚದಲ್ಲಿ ನಾಲ್ಕು. ಹೋಲಿಕೆಯ ಗುಟ್ಟು ಅದೇ.

ಇಲ್ಲೊಂದು ಎಚ್ಚರಿಕೆ. ಸೋಡಿಯಂನ ಜೋಡಣೆ 2, 8, 1. ತಾಮ್ರದ್ದು 2, 8, 18, 1. ಎರಡಕ್ಕೂ ಹೊರಗೆ ಒಂದೇ ಇಲೆಕ್ಟ್ರಾನ್. ಹಳೆಯ ಪುಸ್ತಕಗಳಲ್ಲಿ ಇವನ್ನು I-ಎ, I-ಬಿ ಎಂದು ಒಂದೇ ಸಂಖ್ಯೆಯಡಿ ಇಟ್ಟಿದ್ದರು. ಆದರೆ ತಾಮ್ರದ ತಂಬಿಗೆಯಲ್ಲಿ ನೀರು ಕುಡಿಯುತ್ತೇವೆ. ಸೋಡಿಯಂ ನೀರಿಗೆ ಬಿದ್ದರೆ ಬೆಂಕಿ ಹೊತ್ತಬಹುದು. ಕಾರಣ ಆ 18ರಲ್ಲಿದೆ. ಅದರಲ್ಲಿ ಹೆಚ್ಚಾಗಿ ಬಂದ ಹತ್ತು ಇಲೆಕ್ಟ್ರಾನುಗಳು ಬೀಜಕೇಂದ್ರದ ಸೆಳೆತವನ್ನು ಚೆನ್ನಾಗಿ ಮರೆಮಾಡಲಾರವು. ಹಾಗಾಗಿ ತಾಮ್ರದ ಹೊರ ಇಲೆಕ್ಟ್ರಾನ್ ಬಿಗಿಯಾಗಿರುತ್ತದೆ, ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಹೊರಗಿನ ಎಣಿಕೆಯೊಂದನ್ನೇ ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ; ಒಳಗನ್ನೂ ನೋಡಿದವರಿಗೆ ಎರಡು ಮನೆತನಗಳ ಅಂತರ ತಿಳಿಯುತ್ತದೆ.

2016ರಲ್ಲಿ ಕೊನೆಯ ನಾಲ್ಕು ಹೆಸರುಗಳು ಸೇರಿ ಏಳನೆಯ ಆವರ್ತ ಪೂರ್ತಿಯಾಯಿತು. ಖಾಲಿ ಮನೆಗಳು ಮುಗಿದವೆಂದು ನೀವು ನಿರಾಶರಾಗಬೇಕಿಲ್ಲ. ಎಂಟನೆಯ ಸಾಲಿಗಾಗಿ ಹುಡುಕಾಟ ನಡೆದಿದೆ. ಈ ಹೊತ್ತು ಮನೆಯಲ್ಲಿ ಒಂದು ಕೆಲಸ ಮಾಡಿ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಎರಡನೆಯ ವರ್ಗದಲ್ಲಿದೆ, ತೂಕ 40. ಎರಡು ಮನೆ ಕೆಳಗೆ ಬೇರಿಯಂ, ತೂಕ 137. ನಡುವಿನ ಮನೆಯ ಮೇಲೆ ಬೆರಳಿಟ್ಟು ಮುಚ್ಚಿ. ಅಲ್ಲಿರುವ ಧಾತುವಿನ ತೂಕ ಎಷ್ಟಿರಬೇಕು, ಅದು ಎಷ್ಟು ಆಕ್ಸಿಜನ್‌ಗಳೊಡನೆ ಕೂಡಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಆಮೇಲೆ ಬೆರಳು ತೆಗೆಯಿರಿ.