ಫಲಿತಾಂಶದ ಸಂಜೆ

2025ರ ಮೇ ತಿಂಗಳಲ್ಲಿ ಬಾಗಲಕೋಟೆಯ ಒಂದು ಮನೆಯಲ್ಲಿ ಕೇಕ್ ಕತ್ತರಿಸಿದರು. ಆ ಮನೆಯ ಹುಡುಗ ಎಸ್ಸೆಸ್ಸೆಲ್ಸಿಯ ಆರೂ ವಿಷಯಗಳಲ್ಲಿ ಫೇಲಾಗಿದ್ದ. ತಂದೆ ತಾಯಿ ಮನೆಮಂದಿಯನ್ನೆಲ್ಲ ಸೇರಿಸಿ ಅವನಿಗೆ ಸಿಹಿ ತಿನ್ನಿಸಿದರು, ಧೈರ್ಯ ಹೇಳಿದರು. ಮತ್ತೆ ಬರೆದು ಪಾಸಾಗುತ್ತೇನೆ ಎಂದ ಹುಡುಗ.

ಫೇಲಾದದ್ದಕ್ಕೂ ಸಂಭ್ರಮವೇ ಎಂದು ಯಾರಾದರೂ ಕೇಳಬಹುದು. ಅಂಕ ಹೋದರೂ ಮನೆಯಲ್ಲಿ ತನ್ನ ಜಾಗ ಹೋಗಿಲ್ಲ ಎಂಬುದು ಹುಡುಗನಿಗೆ ಆ ಸಂಜೆಯೇ ತಿಳಿಯಿತು. ಆ ಕೇಕಿಗೆ ಇಷ್ಟು ಅರ್ಥ ಸಾಕು.

ಫಲಿತಾಂಶ ಕಂಡ ಮಗು ಮೊದಲು ನೋಡುವುದು ಅಪ್ಪ ಅಮ್ಮನ ಮುಖವನ್ನು. ಎಷ್ಟೋ ಮನೆಗಳಲ್ಲಿ ಆಗ ಬರುವ ಮಾತುಗಳು ಬೇರೆ: ಪಕ್ಕದ ಮನೆಯವಳಿಗೆ ಎಷ್ಟು ಬಂತು? ಟ್ಯೂಷನ್‌ಗೆ ಅಷ್ಟೊಂದು ಸುರಿದದ್ದು ಇದಕ್ಕೇನಾ? ನಾಲ್ಕು ಜನರಿಗೆ ಮುಖ ತೋರಿಸುವುದು ಹೇಗೆ? ಸೋತ ಮಗುವಿನ ಮೇಲೆ ಹಿರಿಯರ ಅವಮಾನದ ಭಾರವೂ ಬೀಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಕಾರಣಗಳು ಹಲವು, ಪರೀಕ್ಷೆಯ ಸೋಲೂ ಅವುಗಳಲ್ಲೊಂದು.

ಸೋಲಿನ ದಿನ ಮಗು ಹೇಗೆ ನಿಲ್ಲುತ್ತದೆ ಎಂಬುದಕ್ಕೂ ಗೆಲುವಿನ ದಿನ ನಾವು ಅದನ್ನು ಹೇಗೆ ಹೊಗಳಿದೆವು ಎಂಬುದಕ್ಕೂ ನಂಟಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಐದನೆಯ ತರಗತಿಯ ಮಕ್ಕಳಿಗೆ ಸುಲಭದ ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಜಾಣ’ ಎಂದರು, ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದರು. ಆಮೇಲೆ ಬೇಕೆಂದೇ ಕಠಿಣವಾದವನ್ನು ಕೊಟ್ಟರು, ಎಲ್ಲರೂ ಎಡವಿದರು. ಮೂರನೆಯ ಸುತ್ತಿನಲ್ಲಿ ಮತ್ತೆ ಸುಲಭದ ಒಗಟುಗಳು ಬಂದಾಗ, ಜಾಣ ಎನಿಸಿಕೊಂಡವರು ಮೊದಲಿಗಿಂತ ಹಿಂದೆ ಬಿದ್ದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ಬೇರೆ ಶಾಲೆಯ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸುವಾಗ ಸುಳ್ಳು ಬರೆದವರೂ ಜಾಣರ ಗುಂಪಿನಲ್ಲೇ ಹೆಚ್ಚು. ಜಾಣನೆಂಬ ಹೆಸರು ಬಂದ ಮೇಲೆ ಅದನ್ನು ಕಳೆದುಕೊಳ್ಳುವ ಭಯ ಅವರಿಗೆ.

ಸೋಲಿನ, ತಿರಸ್ಕಾರದ ನೋವು ಅಂಕಪಟ್ಟಿಗೆ ಸೀಮಿತವಲ್ಲ. ಕ್ರಿಕೆಟ್ ತಂಡಕ್ಕೆ ಆಯ್ಕೆಯಾಗದ ಹುಡುಗ, ಗೆಳತಿಯ ಹುಟ್ಟುಹಬ್ಬಕ್ಕೆ ಕರೆ ಬಾರದ ಹುಡುಗಿ ಅಷ್ಟೇ ನೋಯುತ್ತಾರೆ. ‘ಇದೇನು ದೊಡ್ಡ ವಿಷಯ, ಬಿಡು’ ಎಂದರೆ ಮಗು ಮುಂದಿನ ಸಲ ಹೇಳುವುದನ್ನೇ ನಿಲ್ಲಿಸುತ್ತದೆ. ಸಿಟ್ಟಾಗಿ ಶಾಲೆಗೆ ಜಗಳಕ್ಕೆ ಹೋಗುವುದೂ ಉಪಕಾರವಲ್ಲ. ಪೂರ್ತಿ ಕೇಳಿಸಿಕೊಂಡು, ಬೇಜಾರಾಗುವುದು ಸಹಜ ಎಂದು ಒಪ್ಪಿ, ಒಂದೆರಡು ದಿನ ಕಳೆದ ಮೇಲೆ ‘ಮುಂದೇನು ಮಾಡೋಣ’ ಎಂದು ಜೊತೆಗೆ ಕೂರುವುದು ಪೋಷಕರ ಕೆಲಸ. ದಾರಿಗಳೂ ಇವೆ: ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆದು ಕಾಲೇಜು ಸೇರಬಹುದು.

ದೊಡ್ಡವರು ತಮ್ಮ ಸೋಲುಗಳನ್ನು ಮಕ್ಕಳೆದುರು ಹೇಳಿಕೊಳ್ಳುವುದೂ ಒಳ್ಳೆಯದು. ಬೆಂಗಳೂರಿನ ರಾಹುಲ್ ದ್ರಾವಿಡ್ ಭಾರತದ ಪರ ಟೆಸ್ಟ್ ಮತ್ತು ಏಕದಿನ ಪಂದ್ಯಗಳಲ್ಲಿ 604 ಇನಿಂಗ್ಸ್ ಆಡಿದರು. ಅವುಗಳಲ್ಲಿ 410ರಲ್ಲಿ ಐವತ್ತು ರನ್ ದಾಟಲಿಲ್ಲ. ಈ ಲೆಕ್ಕವನ್ನು ಸ್ವತಃ ಅವರೇ ಒಂದು ಸಭೆಯಲ್ಲಿ ಬಿಚ್ಚಿಟ್ಟಿದ್ದಾರೆ. ‘ಗೋಡೆ’ ಎಂದು ಹೆಸರಾದವರೇ ಹೀಗೆ ಹೇಳುವಾಗ ಗಣಿತದಲ್ಲಿ ಎಡವಿದ ಮಗು ನೆಮ್ಮದಿಯ ಉಸಿರು ಬಿಡುತ್ತದೆ.

ಮಗು ದಿನಗಟ್ಟಲೆ ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಬದುಕೇ ಬೇಡ ಎಂಬ ಮಾತಾಡಿದರೆ ಹಟವೆಂದು ತಳ್ಳಿಹಾಕಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬಾಗಿದೆ. ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಈ ಸಂಖ್ಯೆಯನ್ನು ಇಂದೇ ಬರೆದಿಟ್ಟುಕೊಳ್ಳಿ, ಮಕ್ಕಳಿಗೂ ತಿಳಿಸಿ.